ಕೆಂಪು ದೀಪ ಸೈಕಲ್ಲಿಗೂ ಅನ್ವಯವೇ?

ಸೈಕಲ್ ಸವಾರರು ಸಂಚಾರ ದೀಪಕ್ಕೂ ನಿಲುಗಡೆ ಫಲಕಕ್ಕೂ ತಲೆಬಾಗಬೇಕೆ ಎಂಬುದು ಮೇಲ್ನೋಟಕ್ಕೆ ಒಂದು ಪ್ರಶ್ನೆಯೇ ಅಲ್ಲ. ರಸ್ತೆ ಎಲ್ಲರದು, ಆದ್ದರಿಂದ ನಿಯಮವೂ ಎಲ್ಲರದು ಎಂದು ಹೇಳಿ ಮುಗಿಸಿಬಿಡಬಹುದು. ಆದರೆ ನಗರದ ಯಾವುದೇ ಕೂಡುರಸ್ತೆಯಲ್ಲಿ ಹತ್ತು ನಿಮಿಷ ನಿಂತು ನೋಡಿದವರಿಗೆ ಉತ್ತರ ಅಷ್ಟು ಸರಳವಲ್ಲವೆಂದು ತಿಳಿಯುತ್ತದೆ. ಕೆಂಪು ದೀಪ ಹೊತ್ತಿರುವಾಗಲೇ ಸೈಕಲ್ ಸವಾರ ಮೆಲ್ಲನೆ ಮುಂದೆ ಬಂದು, ಎಡಬಲ ನೋಡಿ, ದಾಟಿ ಹೋಗುತ್ತಾನೆ. ಕಾರಿನೊಳಗಿನವರು ಗೊಣಗುತ್ತಾರೆ, ಪೊಲೀಸರು ನೋಡಿಯೂ ಸುಮ್ಮನಿರುತ್ತಾರೆ. ‘ಹೊಗೆಯುಗುಳದ ವಾಹನಕ್ಕೆ ಇಷ್ಟಾದರೂ ರಿಯಾಯಿತಿ ಬೇಡವೇ?’ ಎಂದು ಕೇಳುವ ಪರಿಸರಾಸಕ್ತರೂ ಇದ್ದಾರೆ. ಸೈಕಲ್ಲನ್ನು ಭವಿಷ್ಯದ ವಾಹನವೆಂದು ಕೊಂಡಾಡುವವರು ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗುವಂತಿಲ್ಲ.

ಇದು ಬೆಂಗಳೂರಿಗೋ ಮೈಸೂರಿಗೋ ಸೀಮಿತವಾದ ಚರ್ಚೆಯೂ ಅಲ್ಲ. ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಸಾಲಗುಂದದಂಥ ಊರಿನಲ್ಲಿಟ್ಟು ನೋಡಿದಾಗ ಈ ಪ್ರಶ್ನೆಯ ನಿಜವಾದ ತೂಕ ಗೊತ್ತಾಗುತ್ತದೆ. ಮಲೆನಾಡಿನ ಓದುಗರಿಗೆ ಅದು ದೂರದ ಬಯಲುಸೀಮೆ ಎನಿಸಬಹುದು. ಆದರೆ ಘಟ್ಟದಲ್ಲಿ ಹುಟ್ಟಿ ಕೂಡಲಿಯಲ್ಲಿ ಒಂದಾಗುವ ತುಂಗೆ ಮತ್ತು ಭದ್ರೆಯರ ನೀರೇ ಎಡದಂಡೆ ಕಾಲುವೆಯ ಮೂಲಕ ಸಿಂಧನೂರು ಸೀಮೆಯ ಭತ್ತದ ಗದ್ದೆಗಳನ್ನು ತಣಿಸುತ್ತಿದೆ. ಆ ನೀರು ಅಲ್ಲಿಯ ಬೆಳೆಯನ್ನಷ್ಟೇ ಅಲ್ಲ, ರಸ್ತೆಯನ್ನೂ ಬದಲಿಸಿತು. ಜೋಳ, ಹತ್ತಿಯ ಕಾಲದ ಬಂಡಿದಾರಿಗಳಲ್ಲಿ ಈಗ ಭತ್ತದ ಚೀಲ ಹೇರಿದ ಲಾರಿಗಳು, ಕೊಯ್ಲು ಯಂತ್ರಗಳು, ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಓಡಾಡುತ್ತವೆ. ಅವುಗಳ ಅಂಚಿನಲ್ಲಿ ಶಾಲೆಯ ಮಕ್ಕಳು, ಕೂಲಿಯವರು, ಹಾಲಿನ ಕ್ಯಾನು ತೂಗುಹಾಕಿಕೊಂಡವರು, ಮೇವಿನ ಹೊರೆ ಕಟ್ಟಿಕೊಂಡವರು ಸೈಕಲ್ ತುಳಿಯುತ್ತಾರೆ. ಹಳ್ಳಿಯಲ್ಲಿ ಸಂಚಾರ ದೀಪವಿಲ್ಲ. ಆದರೆ ಹಳ್ಳಿಯ ರಸ್ತೆ ಹೆದ್ದಾರಿಯನ್ನು ಸೇರುವ ಕಡೆಯಲ್ಲಿ ನಿಲ್ಲಬೇಕೋ ಬೇಡವೋ ಎಂಬುದು ಪ್ರಾಣದ ಪ್ರಶ್ನೆ.

ಮೊದಲು ಕಾನೂನು ಏನು ಹೇಳುತ್ತದೆಂದು ನೋಡುವುದು ಒಳಿತು. 1988ರ ಮೋಟಾರು ವಾಹನ ಕಾಯಿದೆಯ 119ನೇ ಕಲಮು ಸಂಚಾರ ಚಿಹ್ನೆಗಳನ್ನೂ ವಿದ್ಯುತ್ ಸಂಕೇತಗಳನ್ನೂ ಪಾಲಿಸುವ ಕರ್ತವ್ಯವನ್ನು ‘ಮೋಟಾರು ವಾಹನದ ಚಾಲಕ’ನ ಮೇಲೆ ಹೊರಿಸುತ್ತದೆ. ಯಂತ್ರಬಲದಿಂದ ಚಲಿಸದ ಸೈಕಲ್ಲು ಆ ಕಾಯಿದೆಯ ಕಣ್ಣಿಗೆ ಮೋಟಾರು ವಾಹನವೇ ಅಲ್ಲ. ವಿಚಿತ್ರವೆಂದರೆ, ಅದೇ ಕಾಯಿದೆಯ ಮೊದಲ ಅನುಸೂಚಿಯಲ್ಲಿರುವ ಕಡ್ಡಾಯ ಚಿಹ್ನೆಗಳ ಪಟ್ಟಿಯಲ್ಲಿ ‘ಸೈಕಲ್ ನಿಷೇಧ’ದ ಫಲಕವಿದೆ! ಹಾಗೆಂದು ಸೈಕಲ್ ಸವಾರ ಕಾನೂನಿನ ಹೊರಗೆ ಉಳಿದಿಲ್ಲ. ಸಾರ್ವಜನಿಕ ದಾರಿಯಲ್ಲಿ ಯಾವುದೇ ವಾಹನವನ್ನು ಇತರರ ಜೀವಕ್ಕೆ ಅಪಾಯವಾಗುವಂತೆ ದುಡುಕಿನಿಂದ ನಡೆಸುವುದು ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮಿನಂತೆ ಅಪರಾಧ. ಅಲ್ಲಿ ‘ಮೋಟಾರು’ ಎಂಬ ಮಾತಿಲ್ಲ. 2024ರ ಜುಲೈಗೆ ಮೊದಲು ಹಳೆಯ ದಂಡ ಸಂಹಿತೆಯ 279ನೇ ಕಲಮು ಇದನ್ನೇ ಹೇಳುತ್ತಿತ್ತು. ರಸ್ತೆಯ ಮೇಲಿನ ಸಂಚಾರವನ್ನು ನಿಯಂತ್ರಿಸುವ ಆದೇಶಗಳನ್ನು ಹೊರಡಿಸಲು 1963ರ ಕರ್ನಾಟಕ ಪೊಲೀಸ್ ಕಾಯಿದೆಯಲ್ಲೂ ಅವಕಾಶವಿದೆ. ಒಟ್ಟಿನಲ್ಲಿ ಸೈಕಲ್ ಸವಾರನ ಕರ್ತವ್ಯ ಇಂಥದೆಂದು ಒಂದೆಡೆ ಸ್ಪಷ್ಟವಾಗಿ ಬರೆದಿಟ್ಟಿಲ್ಲ. ಅವನ ಹಕ್ಕು ಇಂಥದೆಂದಂತೂ ಎಲ್ಲಿಯೂ ಬರೆದಿಟ್ಟಿಲ್ಲ.

ಹಿಂದೆ ಹೀಗಿರಲಿಲ್ಲ. ಪುರಸಭೆಗಳು ವರ್ಷಕ್ಕಿಷ್ಟು ಶುಲ್ಕ ಪಡೆದು ಸೈಕಲ್ಲಿಗೆ ಬಿಲ್ಲೆ ಕೊಡುತ್ತಿದ್ದುದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಸಂಜೆಯಾದ ಮೇಲೆ ದೀಪವಿಲ್ಲದೆ ಹೊರಟರೆ ಪೊಲೀಸರು ಅಡ್ಡಗಟ್ಟುತ್ತಿದ್ದರು, ‘ಡಬಲ್ ರೈಡ್’ ಮಾಡಿದರೆ ಗಾಳಿ ತೆಗೆಯುತ್ತಿದ್ದರು. ಅದರಲ್ಲಿ ಕಿರುಕುಳವೂ ಇತ್ತು, ಸಣ್ಣ ಲಂಚವೂ ಇತ್ತು. ಆದರೆ ಸೈಕಲ್ಲನ್ನು ಒಂದು ವಾಹನವೆಂದು ಆಡಳಿತ ಎಣಿಸುತ್ತಿತ್ತು. ಮೋಟಾರು ಹೆಚ್ಚಿದಂತೆ ಬಿಲ್ಲೆ ಹೋಯಿತು. ಅದರೊಂದಿಗೆ ಸೈಕಲ್ ಆಡಳಿತದ ದೃಷ್ಟಿಯಿಂದಲೂ ಮರೆಯಾಯಿತು. ಸವಾರರು ಮಾತ್ರ ಮರೆಯಾಗಲಿಲ್ಲ. 2011ರ ಜನಗಣತಿಯ ಪ್ರಕಾರ ದೇಶದ ನೂರು ಮನೆಗಳಲ್ಲಿ ಸುಮಾರು 45 ಮನೆಗಳಲ್ಲಿ ಸೈಕಲ್ ಇತ್ತು. ಕೃಷಿಯೇತರ ದುಡಿಮೆಗೆ ಹೋಗುವವರಲ್ಲಿ ಶೇಕಡಾ 13ರಷ್ಟು ಜನ ಸೈಕಲ್ ತುಳಿದೇ ಹೋಗುತ್ತಿದ್ದರು.

ನಿಲ್ಲದೆ ಹೋಗುವ ಸವಾರನ ಪರವಾಗಿ ಹೇಳಬಹುದಾದ ಮಾತುಗಳು ಹಗುರವಾದವಲ್ಲ. ಮೊದಲನೆಯದು ಶಕ್ತಿಯ ಲೆಕ್ಕ. ಮೋಟಾರಿನವನಿಗೆ ನಿಂತು ಹೊರಡುವುದೆಂದರೆ ಪಾದದ ಒಂದು ಒತ್ತು. ಸೈಕಲ್ಲಿನವನಿಗೆ ಅದು ಮೈಬೆವರು. ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ತೂಕವಿದ್ದು ಗಂಟೆಗೆ 15 ಕಿ.ಮೀ. ವೇಗದಲ್ಲಿ ಸಾಗುತ್ತಿದ್ದರೆ, ಅದರಲ್ಲಿ ಅಡಕವಾದ ಚಲನಶಕ್ತಿ ಸುಮಾರು 700 ಜೂಲ್. ಬ್ರೇಕ್ ಹಿಡಿದಾಗ ಇದಷ್ಟೂ ಶಾಖವಾಗಿ ಹೋಗುತ್ತದೆ. ಮತ್ತೆ ಅದನ್ನು ಕಾಲುಗಳೇ ಗಳಿಸಬೇಕು. ಹಿಂದೆ 40 ಕಿಲೋ ಮೇವಿನ ಹೊರೆಯಿದ್ದರೆ ಈ ಲೆಕ್ಕ ಸಾವಿರ ಜೂಲ್ ದಾಟುತ್ತದೆ. ಅಮೆರಿಕದ ಬರ್ಕ್ಲಿಯ ಭೌತವಿಜ್ಞಾನಿ ಜೋಯಲ್ ಫಜಾನ್ಸ್ ಮತ್ತು ಮೆಲನಿ ಕರಿ 2001ರಲ್ಲಿ ಈ ವಿಷಯವಾಗಿ ಬರೆದ ಲೇಖನ ಪ್ರಸಿದ್ಧವಾಗಿದೆ. ಸುಮಾರು 90 ಮೀಟರಿಗೊಂದು ನಿಲುಗಡೆ ಫಲಕವಿರುವ ಬೀದಿಯಲ್ಲಿ ಪ್ರತಿ ಬಾರಿಯೂ ಪೂರ್ತಿ ನಿಂತು ಹೊರಟರೆ, ಅಷ್ಟೇ ಶ್ರಮದಲ್ಲಿ ಸವಾರನ ಸರಾಸರಿ ವೇಗ ಶೇಕಡಾ 40ರಷ್ಟು ಕುಸಿಯುತ್ತದೆಂದು ಅವರು ಲೆಕ್ಕ ಹಾಕಿ ತೋರಿಸಿದರು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನ ಬಿಸಿಲಿನಲ್ಲಿ, ಮರಗಳನ್ನು ಕಡಿದು ಅಗಲಗೊಳಿಸಿದ ರಸ್ತೆಯಲ್ಲಿ, ನೆರಳಿಲ್ಲದೆ ನಿಲ್ಲುವುದು ಏನೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಎರಡನೆಯದು ಅಪಾಯದ ಲೆಕ್ಕ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬರುವ ಹತ್ತು ಟನ್ ತೂಕದ ಲಾರಿಯ ಚಲನಶಕ್ತಿ ಮೇಲೆ ಹೇಳಿದ ಸೈಕಲ್ಲಿನದಕ್ಕಿಂತ ಸುಮಾರು 1,400 ಪಟ್ಟು ಹೆಚ್ಚು. ಕೊಲ್ಲುವ ಶಕ್ತಿಯಲ್ಲಿ ಇಷ್ಟು ಅಂತರವಿರುವ ಎರಡು ವಾಹನಗಳಿಗೆ ಒಂದೇ ಕಟ್ಟಳೆ ವಿಧಿಸುವುದು ಸಮಾನತೆಯಂತೆ ಕಂಡರೂ ನ್ಯಾಯವಾಗಲಾರದು. ಸಂಚಾರ ದೀಪ ಎಲ್ಲೆಡೆ ಹರಡಿದ್ದು ಮೋಟಾರುಗಳನ್ನು ಪಳಗಿಸಲಿಕ್ಕೆ. ಬರಿಯ ಪಾದಚಾರಿಗಳೂ ಸೈಕಲ್ ಸವಾರರೂ ಇರುವ ಜಾತ್ರೆಯ ಬೀದಿಗೆ ಕೆಂಪು ದೀಪ ಬೇಕಾಗುವುದಿಲ್ಲ. ಅಲ್ಲಿ ಜನ ಪರಸ್ಪರ ಮುಖ ನೋಡಿ ದಾರಿ ಬಿಟ್ಟುಕೊಳ್ಳುತ್ತಾರೆ.

ಮೂರನೆಯದು ಹೆಚ್ಚಿನವರ ಗಮನಕ್ಕೆ ಬಾರದ ಸಂಗತಿ. ದೀಪಗಳ ಅವಧಿಯನ್ನು ಮೋಟಾರಿನ ವೇಗಕ್ಕೆ ಹೊಂದಿಸಿರುತ್ತಾರೆ. 30 ಮೀಟರ್ ಅಗಲದ ಕೂಡುರಸ್ತೆಯನ್ನು ದಾಟಲು ಗಂಟೆಗೆ 40 ಕಿ.ಮೀ. ವೇಗದ ಕಾರಿಗೆ ಮೂರು ಸೆಕೆಂಡೂ ಬೇಡ, 15 ಕಿ.ಮೀ. ವೇಗದ ಸೈಕಲ್ಲಿಗೆ ಏಳು ಸೆಕೆಂಡು ಬೇಕು. ಹಸಿರು ದೀಪದ ಕೊನೆಯ ಕ್ಷಣದಲ್ಲಿ ನಿಯಮಬದ್ಧವಾಗಿಯೇ ಹೊರಟ ಸವಾರ ನಡುದಾರಿಯಲ್ಲಿರುವಾಗ ಹಳದಿ ಮುಗಿದು, ಅಡ್ಡದಿಕ್ಕಿನವರಿಗೆ ಹಸಿರು ಹೊತ್ತುತ್ತದೆ. ನಿಯಮ ಪಾಲಿಸಿದ್ದಕ್ಕಾಗಿಯೇ ಅವನು ಸಿಕ್ಕಿಬೀಳುತ್ತಾನೆ. ದೀಪ ಬದಲಾಗುವ ಮೊದಲೇ ನಾಲ್ಕು ಹೆಜ್ಜೆ ಮುಂದೆ ಹೋಗುವ ಸವಾರರೆಲ್ಲ ಉದ್ಧಟರಲ್ಲ. ಹಸಿರು ಹೊತ್ತಿದೊಡನೆ ಹಿಂದಿನಿಂದ ನುಗ್ಗುವ ವಾಹನಗಳ ದಾಳಿಯಿಂದ ಪಾರಾಗಲು ಅವರಲ್ಲಿ ಎಷ್ಟೋ ಜನ ಹಾಗೆ ಮಾಡುತ್ತಾರೆ.

ಇಂಥ ವಾದಗಳನ್ನು ಕೆಲವು ದೇಶಗಳು ಕಾನೂನಿಗೂ ತಂದಿವೆ. ಅಮೆರಿಕದ ಐಡಹೋ ರಾಜ್ಯ 1982ರಲ್ಲಿಯೇ ಸೈಕಲ್ ಸವಾರರಿಗೆ ನಿಲುಗಡೆ ಫಲಕವನ್ನು ‘ದಾರಿ ಬಿಡಿ’ ಎಂಬ ಫಲಕದಂತೆ ಪರಿಗಣಿಸಲು ಅನುಮತಿ ಕೊಟ್ಟಿತು. ಎಂದರೆ, ವೇಗ ಇಳಿಸಿ, ನೋಡಿ, ಯಾರೂ ಇಲ್ಲದಿದ್ದರೆ ನಿಲ್ಲದೆ ಹೋಗಬಹುದು. ಯಾರಾದರೂ ಇದ್ದರೆ ಅವರಿಗೇ ಮೊದಲ ಹಕ್ಕು. ಸಣ್ಣಪುಟ್ಟ ಸಂಚಾರ ಮೊಕದ್ದಮೆಗಳ ಹೊರೆಯನ್ನು ನ್ಯಾಯಾಲಯಗಳಿಂದ ಇಳಿಸುವುದು ಅದರ ಹಿಂದಿನ ಒಂದು ಉದ್ದೇಶವಾಗಿತ್ತು. ದೀರ್ಘಕಾಲ ಒಂಟಿಯಾಗಿದ್ದ ಆ ರಾಜ್ಯವನ್ನು 2017ರಲ್ಲಿ ಡೆಲವೇರ್, ಅನಂತರ ಆರ್ಕನ್ಸಾ, ಆರೆಗಾನ್, ವಾಷಿಂಗ್ಟನ್ ಮೊದಲಾದ ರಾಜ್ಯಗಳು ತಮ್ಮದೇ ಮಾರ್ಪಾಡುಗಳೊಂದಿಗೆ ಅನುಸರಿಸಿದವು. ಡೆಲವೇರ್‌ನಲ್ಲಿ ಕಾನೂನು ಬಂದ ಮೇಲಿನ 30 ತಿಂಗಳಲ್ಲಿ, ನಿಲುಗಡೆ ಫಲಕವಿರುವ ಕೂಡುರಸ್ತೆಗಳಲ್ಲಿ ಸೈಕಲ್ ಅಪಘಾತಗಳು ಅದಕ್ಕೆ ಹಿಂದಿನ 30 ತಿಂಗಳಿಗಿಂತ ಶೇಕಡಾ 23ರಷ್ಟು ಕಡಿಮೆಯಾದವು. ನೆದರ್ಲೆಂಡ್ಸ್‌ನಲ್ಲಿಯೂ ಪ್ಯಾರಿಸ್ ನಗರದಲ್ಲಿಯೂ ಫಲಕವಿರುವ ಆಯ್ದ ಕೂಡುರಸ್ತೆಗಳಲ್ಲಿ, ಕೆಂಪು ದೀಪವಿದ್ದರೂ ಸೈಕಲ್ ಸವಾರರು ಪಾದಚಾರಿಗಳಿಗೆ ದಾರಿ ಬಿಟ್ಟು ಬಲಕ್ಕೆ ತಿರುಗಬಹುದು. ಅಲ್ಲಿ ವಾಹನಗಳು ಬಲಬದಿಯಲ್ಲಿ ಚಲಿಸುವುದರಿಂದ ಅದು ಇಲ್ಲಿಯ ಎಡ ತಿರುವಿಗೆ ಸಮ.

ಈ ಉದಾಹರಣೆಗಳನ್ನು ಎತ್ತಿ ತೋರಿಸಿ, ಇಲ್ಲಿಯೂ ಸೈಕಲ್ಲಿಗೆ ಕೆಂಪು ದೀಪದಿಂದ ವಿನಾಯಿತಿ ಕೊಡಿ ಎಂದು ಕೇಳುವುದು ಸುಲಭ. ಆದರೆ ಬಿತ್ತನೆಯ ಬೀಜವನ್ನು ನೆಲ ನೋಡದೆ ತರಿಸಿದರೆ ಏನಾಗುತ್ತದೆಂಬುದು ರೈತರಿಗೆ ಗೊತ್ತು, ಕಾನೂನೂ ಹಾಗೆಯೇ. ಐಡಹೋದ ನಿಯಮ ಫಲಿಸಿದ್ದು ನಾಲ್ಕೂ ದಿಕ್ಕಿನಿಂದ ಬರುವವರು ಫಲಕ ಕಂಡೊಡನೆ ನಿಲ್ಲುವ ರೂಢಿಯಿರುವ ನೆಲದಲ್ಲಿ. ಸೈಕಲ್ಲಿನವನು ನಿಲ್ಲದಿದ್ದರೂ ಉಳಿದವರು ನಿಂತಿರುತ್ತಾರೆ ಎಂಬ ಭರವಸೆ ಅಲ್ಲಿ ಅವನ ಬೆನ್ನಿಗಿದೆ. ಇಲ್ಲಿ ಆ ಭರವಸೆ ಎಲ್ಲಿದೆ? ನಿಲುಗಡೆ ಫಲಕದ ಮುಂದೆ ಚಕ್ರ ಪೂರ್ತಿ ನಿಲ್ಲಿಸುವ ಚಾಲಕನನ್ನು ಕರ್ನಾಟಕದ ಯಾವ ಊರಿನಲ್ಲೂ ಹುಡುಕಿ ತೆಗೆಯಬೇಕಾಗುತ್ತದೆ.

ಸಿಂಧನೂರು ಸೀಮೆಯನ್ನೇ ನೋಡಬಹುದು. ಜೇವರ್ಗಿಯಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 150ಎ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ಹಾದು ಸಿರುಗುಪ್ಪ, ಬಳ್ಳಾರಿಯ ಕಡೆಗೆ ಸಾಗುತ್ತದೆ. ಇದರ ಎರಡೂ ಬದಿಗೆ ಹಳ್ಳಿಗಳ, ಕ್ಯಾಂಪುಗಳ, ಕಾಲುವೆದಂಡೆಗಳ ಸಣ್ಣ ರಸ್ತೆಗಳು ಬಂದು ಕೂಡುತ್ತವೆ. ಸಣ್ಣ ರಸ್ತೆಯಲ್ಲಿ ಸೈಕಲ್ ತುಳಿದು ಬರುವ ಹುಡುಗನಿಗೆ ಹೆದ್ದಾರಿಯ ವೇಗದ ಅಂದಾಜಿರುವುದಿಲ್ಲ. ಗಂಟೆಗೆ 80 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ನೂರು ಮೀಟರ್ ದೂರದಲ್ಲಿ ಕಾಣಿಸಿದ ಲಾರಿ ಐದು ಸೆಕೆಂಡಿನೊಳಗೆ ಎದುರಿಗಿರುತ್ತದೆ. ಅಷ್ಟರಲ್ಲಿ 15 ಕಿ.ಮೀ. ವೇಗದ ಸೈಕಲ್ ಹೆಚ್ಚೆಂದರೆ ಇಪ್ಪತ್ತು ಮೀಟರ್ ಸಾಗಿರುತ್ತದೆ. ಅಂಚಿನಲ್ಲಿ ಜಾಲಿ ಬೆಳೆದು, ತಿರುವು ಮರೆಯಾಗಿ, ಸಂಜೆಯ ವೇಳೆ ಹಿಂಬದಿಯ ಕೆಂಪು ದೀಪವಿಲ್ಲದ ಟ್ರೇಲರ್ ಒಂದು ನಿಂತಿದ್ದರೆ ಹೇಳುವುದೇ ಬೇಡ. ಇಂಥ ಕಡೆಯಲ್ಲಿ ‘ನೋಡಿಕೊಂಡು ನಿಲ್ಲದೆ ಹೋಗು’ ಎಂದು ಕಾನೂನು ಹೇಳಬಾರದು. ‘ಕಾಲು ನೆಲಕ್ಕೆ ತಾಗಿಸಿ ನಿಲ್ಲು’ ಎಂದೇ ಹೇಳಬೇಕು. ಅಲ್ಲಿ ಅದು ಮೋಟಾರಿಗೆ ಸಲ್ಲಿಸುವ ಗೌರವವಲ್ಲ, ತನ್ನ ಜೀವವನ್ನು ಕಾಯ್ದುಕೊಳ್ಳುವ ವಿವೇಕ.

ಕೆಂಪು ದೀಪಕ್ಕೆ ನಿಲ್ಲಲು ಇನ್ನೂ ಮುಖ್ಯವಾದ ಕಾರಣವೊಂದಿದೆ. ರಸ್ತೆಯಲ್ಲಿ ಸೈಕಲ್ ಸವಾರನಿಗಿಂತಲೂ ದುರ್ಬಲರಾದವರಿದ್ದಾರೆ. ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸು, ಕೋಲೂರಿ ನಡೆಯುವ ಮುದುಕ, ದೃಷ್ಟಿಯಿಲ್ಲದವರು, ಕೈಕೈ ಹಿಡಿದು ದಾಟುವ ಮಕ್ಕಳು, ಇವರೆಲ್ಲ ನಂಬಿರುವುದು ಆ ಒಂದು ದೀಪವನ್ನು. ಮೋಟಾರುಗಳೆಲ್ಲ ನಿಂತಿವೆಯೆಂದು ರಸ್ತೆಗಿಳಿದವರ ನಡುವೆ ಸದ್ದಿಲ್ಲದೆ ನುಗ್ಗುವ ಸೈಕಲ್ಲು, ಅದರ ಸದ್ದಿಲ್ಲದ ಗುಣದಿಂದಲೇ ಅವರಿಗೆ ಅಪಾಯಕಾರಿಯಾಗುತ್ತದೆ. ದೃಷ್ಟಿಯಿಲ್ಲದವರಿಗೆ ಎಂಜಿನ್ನಿನ ಸದ್ದೇ ಎಚ್ಚರಿಕೆ. ಸೈಕಲ್ಲಿಗೆ ಅದೂ ಇಲ್ಲ. ಲಾರಿಯೆದುರು ಸೈಕಲ್ಲಿಗಾಗಿ ಯಾವ ನ್ಯಾಯವನ್ನು ಕೇಳಲಾಗುತ್ತಿದೆಯೋ, ಅದೇ ನ್ಯಾಯವನ್ನು ಸೈಕಲ್ಲಿನೆದುರು ಕೇಳುವ ಹಕ್ಕು ನಡೆಯುವವರಿಗೂ ಇದೆ. ಬಲ ಹೆಚ್ಚಿದಷ್ಟೂ ಹೊಣೆ ಹೆಚ್ಚಬೇಕೆಂಬ ತತ್ವ ಮೇಲಿನವರಿಗಷ್ಟೇ ಅನ್ವಯಿಸಿ, ಕೆಳಗಿನವರನ್ನು ಕಾಣುವಾಗ ಮರೆಯುವಂಥದಲ್ಲ.

ಇದೇ ಸೀಮೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಿಲಾಶಾಸನ ಅಶೋಕನನ್ನು ಹೆಸರಿಟ್ಟು ಕರೆಯುವ ಶಾಸನವೆಂದು ಲೋಕಪ್ರಸಿದ್ಧ. ದಾರಿಗಳ ಬದಿಯಲ್ಲಿ ಬಾವಿ ತೋಡಿಸಿದ್ದನ್ನೂ ಮರ ನೆಡಿಸಿದ್ದನ್ನೂ ಆ ಅರಸ ತನ್ನ ಬೇರೆ ಶಾಸನಗಳಲ್ಲಿ ಹೇಳಿಕೊಂಡಿದ್ದಾನೆ. ಅದೆಲ್ಲವೂ ಮನುಷ್ಯರ ಮತ್ತು ಪ್ರಾಣಿಗಳ ಬಳಕೆಗಾಗಿ ಎಂದೂ ಕಾಣಿಸಿದ್ದಾನೆ. ರಸ್ತೆ ಯಾರಿಗಾಗಿ ಎಂಬ ಪ್ರಶ್ನೆಗೆ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಸಿಕ್ಕಿದ್ದ ಉತ್ತರ ಅದು. ರಸ್ತೆ ಅದರ ಮೇಲೆ ದಣಿದು ಸಾಗುವವರಿಗಾಗಿ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೂ ವಾಹನಗಳನ್ನಲ್ಲ, ಜನರನ್ನು ಸಾಗಿಸುವುದು ಮುಖ್ಯವೆಂದು ಸಾರಿತು. ಸಾರಿದ್ದು ಕಾಗದದಲ್ಲಿ ಉಳಿಯಿತು. ರಸ್ತೆಗಳು ಅಗಲವಾದವು, ಮರಗಳು ಉರುಳಿದವು, ಸೈಕಲ್ ಸವಾರ ಡಾಂಬರಿನ ಅಂಚಿನಿಂದ ಮಣ್ಣಿಗಿಳಿದ.

ಸೈಕಲ್ ಸವಾರರ ಅಶಿಸ್ತೇ ಅಪಘಾತಗಳಿಗೆ ಕಾರಣವೆಂಬ ಗೊಣಗಾಟವನ್ನೂ ಅಂಕಿಗಳ ಮುಂದೆ ಇಟ್ಟು ನೋಡಬೇಕು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಕೇಂದ್ರ ಸರ್ಕಾರದ ವರದಿಯ ಪ್ರಕಾರ ಇವರಲ್ಲಿ ಶೇಕಡಾ 71ರಷ್ಟು ಜನರ ಸಾವಿಗೆ ಅತಿವೇಗ ಕಾರಣ. ಕೆಂಪು ದೀಪ ದಾಟಿದ್ದರಿಂದಾದ ಸಾವುಗಳು, ಎಲ್ಲ ಬಗೆಯ ವಾಹನಗಳನ್ನೂ ಸೇರಿಸಿ, ಶೇಕಡಾ ಒಂದಕ್ಕಿಂತ ಕಡಿಮೆ. ಸತ್ತವರಲ್ಲಿ ಸುಮಾರು ಐದನೇ ಒಂದು ಭಾಗ ಪಾದಚಾರಿಗಳು, ಶೇಕಡಾ ಮೂರರಷ್ಟು ಸೈಕಲ್ ಸವಾರರು. ರೋಗ ಒಂದೆಡೆ, ಮದ್ದು ಇನ್ನೊಂದೆಡೆ ಆಗಬಾರದು. ಸೈಕಲ್ಲಿನವನಿಗೆ ದಂಡ ಹಾಕುವುದರಿಂದ ಈ ಸಾವಿನ ರಾಶಿ ಕರಗುವುದಿಲ್ಲ. ಮೋಟಾರಿನ ವೇಗಕ್ಕೆ ಕಡಿವಾಣ ಬಿದ್ದರೆ ಕರಗುತ್ತದೆ.

ಹಾಗಿದ್ದರೂ ಈ ಚರ್ಚೆಯನ್ನು ಈಗ ಎತ್ತಿಕೊಳ್ಳಲು ತುರ್ತಾದ ಕಾರಣವಿದೆ. 2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನ ಕಾಯಿದೆಗೆ 138(1ಎ) ಎಂಬ ಉಪಕಲಮು ಸೇರಿತು. ಯಂತ್ರಬಲವಿಲ್ಲದ ವಾಹನಗಳು ಮತ್ತು ಪಾದಚಾರಿಗಳು ಸಾರ್ವಜನಿಕ ಸ್ಥಳಗಳನ್ನೂ ರಾಷ್ಟ್ರೀಯ ಹೆದ್ದಾರಿಗಳನ್ನೂ ಹೇಗೆ ಬಳಸಬೇಕೆಂಬ ನಿಯಮಗಳನ್ನು ರಾಜ್ಯ ಸರ್ಕಾರ ರೂಪಿಸಬಹುದೆಂದು ಅದು ಹೇಳುತ್ತದೆ. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಆರು ತಿಂಗಳೊಳಗೆ ಈ ನಿಯಮಗಳನ್ನು ರೂಪಿಸುವಂತೆ ರಾಜ್ಯಗಳಿಗೆ ನಿರ್ದೇಶನ ನೀಡಿತು. ಎಂದರೆ ಸೈಕಲ್ ಸವಾರನ ಹಕ್ಕು ಮತ್ತು ಕರ್ತವ್ಯಗಳನ್ನು ಬರೆಯುವ ಲೇಖನಿ ಈಗ ರಾಜ್ಯದ ಕೈಯಲ್ಲಿದೆ. ಅದು ಏನನ್ನು ಬರೆಯುತ್ತದೆ ಎಂಬುದೇ ಪ್ರಶ್ನೆ.

ಅನುಮಾನಕ್ಕೆ ಆಧಾರಗಳಿವೆ. ಆಡಳಿತಕ್ಕೆ ಎಲ್ಲಕ್ಕಿಂತ ಸುಲಭವಾದ ನಿಯಮವೆಂದರೆ ನಿಷೇಧ. ಕೋಲ್ಕತ್ತದ ಪೊಲೀಸರು 2013ರಲ್ಲಿ ನೂರಕ್ಕೂ ಹೆಚ್ಚು ರಸ್ತೆಗಳಲ್ಲಿ ಸೈಕಲ್ಲನ್ನು ನಿಷೇಧಿಸಿದರು. ಪತ್ರಿಕೆ ಹಂಚುವವರು, ಹಾಲು ಮಾರುವವರು, ಸಣ್ಣ ವ್ಯಾಪಾರಿಗಳು ಬೀದಿಗಿಳಿದು ಪ್ರತಿಭಟಿಸಬೇಕಾಯಿತು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಿಂದ 2023ರ ಆಗಸ್ಟ್ ಒಂದರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳೊಂದಿಗೆ ಯಂತ್ರಬಲವಿಲ್ಲದ ವಾಹನಗಳನ್ನೂ ಹೊರಗಿಡಲಾಯಿತು. ಅಲ್ಲಿ ಪಕ್ಕದಲ್ಲಿ ಸೇವಾ ರಸ್ತೆಯಾದರೂ ಇದೆ. ಇದೇ ತರ್ಕವನ್ನು ಸಿಂಧನೂರು–ಮಸ್ಕಿಯ ಹೆದ್ದಾರಿಗೆ ಎಳೆದುತಂದರೆ, ಬೇರೆ ದಾರಿಯೇ ಇಲ್ಲದ ಹಳ್ಳಿಯ ಸವಾರ ಎಲ್ಲಿಗೆ ಹೋಗಬೇಕು? ‘ಇವರು ದೀಪ ನೋಡುವುದಿಲ್ಲ, ಫಲಕ ನೋಡುವುದಿಲ್ಲ, ಇವರಿಂದಲೇ ಅಪಘಾತ’ ಎಂಬ ಮಾತು ಕಡತದಲ್ಲಿ ಒಮ್ಮೆ ಕುಳಿತುಬಿಟ್ಟರೆ ನಿಷೇಧಕ್ಕೆ ಅದೇ ಮುನ್ನುಡಿಯಾಗುತ್ತದೆ. ಸೈಕಲ್ ಸವಾರರು ಕೆಂಪು ದೀಪಕ್ಕೆ ನಿಲ್ಲಬೇಕೆನ್ನುವುದು ಈ ಕಾರಣಕ್ಕೂ ಮುಖ್ಯ. ರಸ್ತೆಯಲ್ಲಿ ಪಾಲು ಕೇಳುವವರು ರಸ್ತೆಯ ಮಾತಿಗೆ ಬದ್ಧರಾಗಿದ್ದಾರೆಂದು ತೋರಿಸಿದಾಗ ಬೇಡಿಕೆಗೆ ಬಲ ಬರುತ್ತದೆ.

ಹಾಗಾದರೆ ನಿಯಮ ಹೇಗಿರಬೇಕು? ಕೆಂಪು ದೀಪ ಸೈಕಲ್ಲಿಗೂ ಕೆಂಪೇ ಆಗಿರಲಿ. ಹೆದ್ದಾರಿಯನ್ನು ಸೇರುವ ಕಡೆಯ ನಿಲುಗಡೆ ಫಲಕಕ್ಕೆ ಪೂರ್ತಿ ನಿಲ್ಲುವುದು ಕಡ್ಡಾಯವಾಗಲಿ. ಆದರೆ ಬಡಾವಣೆಗಳ ಒಳರಸ್ತೆಗಳಲ್ಲಿ, ಮೋಟಾರಿನ ವೇಗವನ್ನು ಗಂಟೆಗೆ 30 ಕಿ.ಮೀ.ಗೆ ಇಳಿಸಿದ ಕಡೆಗಳಲ್ಲಿ, ಆ ಫಲಕ ಸೈಕಲ್ಲಿಗೆ ‘ದಾರಿ ಬಿಡಿ’ ಎಂಬಷ್ಟೇ ಅರ್ಥ ಕೊಡಬಹುದು. ದೀಪವಿರುವ ಕೂಡುರಸ್ತೆಗಳಲ್ಲಿ ಆಯ್ದ ಕಡೆ, ಪಾದಚಾರಿಗಳಿಗೆ ದಾರಿ ಬಿಟ್ಟು ಎಡಕ್ಕೆ ತಿರುಗುವ ಅನುಮತಿಯನ್ನು ಫಲಕದ ಮೂಲಕವೇ ಕೊಡಬಹುದು. ಮೋಟಾರುಗಳು ನಿಲ್ಲುವ ಗೆರೆಯ ಮುಂದೆ ಸೈಕಲ್ಲಿಗೊಂದು ಚೌಕ ಬರೆದು, ನಾಲ್ಕೈದು ಸೆಕೆಂಡು ಮೊದಲೇ ಹಸಿರು ತೋರಿಸಿದರೆ ದೀಪ ಹಾರಿಸುವ ಅಗತ್ಯವೇ ಬಹುಮಟ್ಟಿಗೆ ಇಲ್ಲವಾಗುತ್ತದೆ. ಹಳದಿಯ ಅನಂತರ ಎಲ್ಲ ದಿಕ್ಕಿಗೂ ಕೆಂಪಾಗಿರುವ ಅವಧಿಯನ್ನು ಕೂಡುರಸ್ತೆಯ ಅಗಲಕ್ಕೂ ಸೈಕಲ್ಲಿನ ವೇಗಕ್ಕೂ ಹೊಂದಿಸುವುದಕ್ಕೆ ಕೋಟಿಗಟ್ಟಲೆ ಹಣ ಬೇಡ. ಕಾಯಬೇಕಾದ ಜಾಗದಲ್ಲಿ ಒಂದು ಬೇವು, ಒಂದು ಹೊಂಗೆ ನೆಟ್ಟರೆ ಕಾಯುವ ಮನಸ್ಸೂ ಬರುತ್ತದೆ.

ದಂಡದ ಮಾತು ಬಂದಾಗಲೂ ಬಲದ ಅಳತೆಯನ್ನು ಮರೆಯಬಾರದು. ದಿನಗೂಲಿಯ ಅರ್ಧವನ್ನು ಕಸಿಯುವ ದಂಡ ಸೈಕಲ್ ಸವಾರನಿಗೆ ಬೇಡ, ಎಚ್ಚರಿಕೆ ಸಾಕು. ರಸ್ತೆಯ ವಿನ್ಯಾಸದಲ್ಲಿ ನಿಗದಿತ ಮಾನದಂಡ ಪಾಲಿಸದೆ ಸಾವುನೋವಿಗೆ ಕಾರಣರಾದರೆ ಅಧಿಕಾರಿ, ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ 198ಎ ಎಂಬ ಕಲಮು ಅದೇ 2019ರ ತಿದ್ದುಪಡಿಯಲ್ಲಿ ಬಂದಿದೆ. ಆ ಕಲಮನ್ನು ಮೊದಲು ಬಳಸಿದರೆ ಸೈಕಲ್ಲಿನವನಿಗೆ ಶಿಸ್ತಿನ ಪಾಠ ಹೇಳುವ ನೈತಿಕ ಅಧಿಕಾರ ಆಡಳಿತಕ್ಕೆ ಬರುತ್ತದೆ. ಸೈಕಲ್ ಸವಾರರ ಮತ್ತು ಪಾದಚಾರಿಗಳ ಹಕ್ಕುಗಳಿಗಾಗಿ ರಾಜ್ಯದ ನಗರ ಭೂ ಸಾರಿಗೆ ನಿರ್ದೇಶನಾಲಯ ಸಕ್ರಿಯ ಸಂಚಾರ ಮಸೂದೆಯೊಂದರ ಕರಡನ್ನು ಸಿದ್ಧಪಡಿಸಿತ್ತು. ಹೊಸ ನಿಯಮಗಳನ್ನು ಬರೆಯುವವರು ಆ ಕರಡಿನ ಧೂಳು ಕೊಡವಬೇಕು. ಆದರೆ ನಗರದ ಸವಾರನನ್ನಷ್ಟೇ ಕಣ್ಣಮುಂದೆ ಇಟ್ಟುಕೊಂಡರೆ ಸಾಲಗುಂದದ ಸವಾರ ಮತ್ತೆ ಹೊರಗುಳಿಯುತ್ತಾನೆ. ಹೆದ್ದಾರಿಯ ಬದಿಯಲ್ಲಿ ಗಟ್ಟಿಯಾದ ಅಂಚು, ಹಳ್ಳಿರಸ್ತೆ ಕೂಡುವೆಡೆಯಲ್ಲಿ ಮೋಟಾರಿನ ವೇಗ ತಗ್ಗಿಸುವ ಉಬ್ಬು, ಸುಗ್ಗಿಯ ಕಾಲದಲ್ಲಿ ಟ್ರೇಲರುಗಳಿಗೆ ಪ್ರತಿಫಲಿಸುವ ಪಟ್ಟಿ, ಇಷ್ಟಾದರೂ ಆ ನಿಯಮದ ಭಾಗವಾಗಬೇಕು.

ಶಾಲೆಗಳ ಪಾತ್ರವೂ ಇದೆ. 2006–07ರಲ್ಲಿ ಆರಂಭವಾದ ಉಚಿತ ಸೈಕಲ್ ಯೋಜನೆ ಎಂಟನೇ ತರಗತಿಯ ಲಕ್ಷಾಂತರ ಮಕ್ಕಳಿಗೆ ಸೈಕಲ್ ಕೊಟ್ಟಿತು. ಹಳ್ಳಿಯ ಹೆಣ್ಣುಮಕ್ಕಳು ಪ್ರೌಢಶಾಲೆಯ ದೂರವನ್ನು ಸ್ವಂತ ಕಾಲಬಲದಿಂದ ಗೆದ್ದರು. ಕೋವಿಡ್ ಕಾಲದಲ್ಲಿ ಆ ಯೋಜನೆ ಸ್ಥಗಿತಗೊಂಡಿತು. ಸೈಕಲ್ ಕೊಟ್ಟ ವರ್ಷಗಳಲ್ಲಿಯೂ ಅದರೊಡನೆ ರಸ್ತೆಯ ಪಾಠ ಕೊಡಲಿಲ್ಲವೆಂಬುದು ದೊಡ್ಡ ಕೊರತೆ. ಎಲ್ಲಿ ನಿಲ್ಲಬೇಕು, ಏಕೆ ನಿಲ್ಲಬೇಕು, ಕೈ ಹೇಗೆ ತೋರಿಸಬೇಕು, ಬ್ರೇಕಿನ ರಬ್ಬರು ಸವೆದಿದೆಯೆಂದು ಹೇಗೆ ತಿಳಿಯಬೇಕು, ಇವುಗಳನ್ನು ಕಲಿಸಲು ಒಂದು ಮಧ್ಯಾಹ್ನ ಸಾಕು. ಮಳೆಗಾಲದಲ್ಲಿ ಒದ್ದೆಯಾದ ಬ್ರೇಕಿನೊಂದಿಗೆ ಘಟ್ಟದ ಇಳಿಜಾರಿನಲ್ಲಿ ಬರುವ ಮಲೆನಾಡಿನ ಮಕ್ಕಳಿಗೂ ಇದೇ ಪಾಠ ಬೇಕು.

ಕೊನೆಯ ಮಾತು ಪರಿಸರ ಚಳವಳಿಯವರಿಗೆ ಸಂಬಂಧಿಸಿದ್ದು. ಜೂನ್ ಐದು ಬಂತೆಂದರೆ ಹಸಿರು ಫಲಕ ಹಿಡಿದ ಸೈಕಲ್ ಜಾಥಾಗಳು ಊರೂರಲ್ಲಿ ಹೊರಡುತ್ತವೆ. ಘೋಷಣೆಯ ಹುರುಪಿನಲ್ಲಿ ಕೆಂಪು ದೀಪಗಳನ್ನು ಹಿಂಡಾಗಿ ದಾಟಿ, ಪಾದಚಾರಿಗಳನ್ನು ಅಂಚಿಗೆ ದೂಡಿ ಸಾಗಿದರೆ ಆ ಜಾಥಾ ಏನು ಹೇಳಿದಂತಾಯಿತು? ಹೊಗೆಯುಗುಳದಿರುವುದು ಒಂದು ಪುಣ್ಯಕಾರ್ಯವೇ ಸರಿ. ಆದರೆ ಅದು ಬೇರೆಯವರ ಸರದಿಯನ್ನು ಕಿತ್ತುಕೊಳ್ಳಲು ಕೊಟ್ಟ ಪರವಾನಗಿಯಲ್ಲ. ಕಾಡಿನಲ್ಲಾಗಲಿ ಕೆರೆಯಲ್ಲಾಗಲಿ, ಎಲ್ಲರಿಗೂ ಸೇರಿದ್ದನ್ನು ಬಲವುಳ್ಳವರು ನುಂಗಬಾರದೆಂಬುದೇ ಈ ಚಳವಳಿಯ ಮೂಲಮಂತ್ರ. ರಸ್ತೆಯೂ ಅಂಥದೇ ಒಂದು ಸಾಮೂಹಿಕ ಆಸ್ತಿ. ಅದನ್ನು ಮೋಟಾರಿನ ಹಿಡಿತದಿಂದ ಬಿಡಿಸಿಕೊಳ್ಳುವ ಕೆಲಸ ದೊಡ್ಡದು, ದೀರ್ಘವಾದದ್ದು. ರಾಜ್ಯದ ನಿಯಮಗಳು ಅಂತಿಮಗೊಳ್ಳುವ ಮೊದಲು ತಾಲ್ಲೂಕು ಮಟ್ಟದ ಸಂಘಟನೆಗಳು, ಶಾಲಾಭಿವೃದ್ಧಿ ಸಮಿತಿಗಳು, ಗ್ರಾಮಸಭೆಗಳು ತಮ್ಮೂರಿನ ಅಪಾಯದ ಕೂಡುರಸ್ತೆಗಳ ಪಟ್ಟಿ ಮಾಡಿ, ಅಲ್ಲಿ ಸೈಕಲ್ಲಿಗೆ ಏನು ಬೇಕೆಂದು ಬರೆದು ಸಾರಿಗೆ ಇಲಾಖೆಗೆ ಕಳಿಸಬೇಕು. ಹೊರಗಿನಿಂದ ಯಾರೋ ಬಂದು ನಿಷೇಧದ ಫಲಕ ನೆಡುವ ಮುನ್ನ, ಎಲ್ಲಿ ನಿಲ್ಲಬೇಕು, ಎಲ್ಲಿ ಸಾಗಬೇಕು ಎಂಬುದನ್ನು ತುಳಿಯುವವರೇ ಹೇಳುವುದು ಮೇಲು.